ಕಾರ್ಡು ಹೋದದ್ದು ಮೆಜೆಸ್ಟಿಕ್‌ನಲ್ಲಿ, ಎಸ್‌ಎಂಎಸ್ ಬಂದದ್ದು ನೆಗಮಂಗೆ



ಹೋದ ತಿಂಗಳು ಒಂದು ಸೋಮವಾರ ನೆಗಮಂ ಕಡೆಯ ನೇಕಾರ ಅಣ್ಣ ಒಬ್ಬರು ನಾನು ಕೂರುವ ಕೌಂಟರಿಗೆ ಬಂದರು. ದೇವಾಂಗರ ಮನೆ. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ಓದು ಬರಹ ಪೂರ್ತಿ ತಮಿಳು. ಮಗಳು ಬೆಂಗಳೂರಲ್ಲಿ ಕೆಲಸಕ್ಕಿದ್ದಾಳೆ. ಶುಕ್ರವಾರ ಸಂಜೆ ಮೆಜೆಸ್ಟಿಕ್ ಮೆಟ್ರೋ ಹತ್ತಿರ ಅವಳ ಕಾರ್ಡು ಹೋಗಿದೆ. ಬಿತ್ತೋ, ಯಾರಾದ್ರೂ ಎತ್ತಿದರೋ ಗೊತ್ತಿಲ್ಲ. "ಮೆಟ್ರೋ ಕಾರ್ಡು ತಾನೇ, ಹೋದ್ರೆ ನೂರೋ ಇನ್ನೂರೋ" ಅಂತ ಅವಳೂ ಸುಮ್ಮನಿದ್ದಳು. ಅಣ್ಣ ಜೇಬಿಂದ ಫೋನ್ ತೆಗೆದು "ಇದು ಮೂರು ಸಲ ಬಂತು, ಏನಂತ ನೋಡು ತಮ್ಮಾ" ಅಂದರು.

ಮೂರೂ ಇಂಗ್ಲಿಷ್ ಎಸ್‌ಎಂಎಸ್. ಮೂರೂ ಮಗಳ ಖಾತೆಯಿಂದ ಅಂಗಡಿಗಳಲ್ಲಿ ದುಡ್ಡು ಹೋದ ಲೆಕ್ಕ. ಕಾಲೇಜಿನ ಕಾಲದಲ್ಲಿ ಖಾತೆ ತೆರೆದಾಗ ಕೊಟ್ಟದ್ದು ಅಪ್ಪನ ನಂಬರು, ಬದಲಾಯಿಸಿರಲಿಲ್ಲ. ಅಣ್ಣ ಅದನ್ನು ಏನೋ ಜಾಹೀರಾತು ಅಂದುಕೊಂಡು ಎರಡು ದಿನ ಬಿಟ್ಟಿದ್ದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ಓದಿದವರಿಗೂ ಗೊತ್ತಿಲ್ಲ. 2019ರ ಮಾರ್ಚಿನಲ್ಲಿ ಬಂದ ರಾಷ್ಟ್ರೀಯ ಸಾಮಾನ್ಯ ಮೊಬಿಲಿಟಿ ಕಾರ್ಡು, ಅಂದ್ರೆ ಎನ್‌ಸಿಎಂಸಿ, ಈಗ ನಮ್ಮ ಮೆಟ್ರೋದಲ್ಲೂ ನಡೆಯುತ್ತೆ, ಚೆನ್ನೈಯ ಸಿಂಗಾರ ಚೆನ್ನೈ ಕಾರ್ಡೂ ಅದೇ ಜಾತಿ. ಬ್ಯಾಂಕಿನ ಡೆಬಿಟ್ ಕಾರ್ಡಲ್ಲೇ ಇದು ಸೇರಿದ್ದರೆ ಒಂದು ಕಾರ್ಡಿಗೆ ಎರಡು ಪರ್ಸು. ಒಂದು ಚಿಪ್ಪಿನೊಳಗಿನ ಪರ್ಸು. ಗೇಟು ಪಿನ್ ಕೇಳಲ್ಲ, ಆ ಕ್ಷಣ ಬ್ಯಾಂಕನ್ನೂ ಕೇಳಲ್ಲ, ಸಿಕ್ಕವರು ಹತ್ತಿ ಇಳಿಯಬಹುದು. ಅದು ಜೇಬಿನ ನೋಟು ಕಳೆದ ಹಾಗೆ. ಇನ್ನೊಂದು ನಿಮ್ಮ ಖಾತೆಯೇ. ಟ್ಯಾಪ್ ಮಾಡುವ ಸೌಲಭ್ಯ ತೆರೆದಿಟ್ಟಿದ್ದರೆ 2021ರ ಜನವರಿಯಿಂದ ಒಂದು ಸಲಕ್ಕೆ 5000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗಬಹುದು. ಮಗಳು ಯೋಚಿಸಿದ್ದು ಮೊದಲನೇ ಪರ್ಸಿನ ಬಗ್ಗೆ, ಖಾಲಿಯಾಗಿದ್ದು ಎರಡನೆಯದು.

ಹಾಗಾಗಿ ಕಾರ್ಡು ಹೋದರೆ ಹುಡುಕೋದು ಆಮೇಲೆ, ಮೊದಲು ಬ್ಲಾಕ್ ಮಾಡಿ. ಆ್ಯಪ್‌ನಲ್ಲೋ ಫೋನಿನಲ್ಲೋ, ಶುಕ್ರವಾರ ರಾತ್ರಿಯೇ ಆಗುತ್ತೆ, ಸೋಮವಾರ ಕೌಂಟರ್ ತೆರೆಯೋವರೆಗೂ ಕಾಯಬೇಡಿ. ದೂರಿನ ನಂಬರು ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ತಿಳಿಸಿದ ಮೇಲೆ ಆದ ನಷ್ಟ ಪೂರ್ತಿ ಬ್ಯಾಂಕಿನದು. ಅದಕ್ಕೆ ಮುಂಚೆ ಹೋದದ್ದಕ್ಕೆ ಗ್ರಾಹಕನೇ ಹೊಣೆ ಅಂತ ಬ್ಯಾಂಕು ಹೇಳಿದರೆ, ಅದನ್ನು ಸಾಬೀತು ಮಾಡಬೇಕಾದ್ದು ಬ್ಯಾಂಕೇ. ಕಾರ್ಡಿನ ಕವರ್ ಮೇಲೆ ಪಿನ್ ಬರೆದಿಟ್ಟಿದ್ದರೆ ಮಾತ್ರ ನಿಮ್ಮ ಪರ ಮಾತಾಡೋದು ಕಷ್ಟ. (ದಿನಕ್ಕೆ ಒಬ್ಬರಾದ್ರೂ ಹಾಗೆ ಬರೆದದ್ದನ್ನು ನಾನು ನೋಡ್ತೀನಿ.) ಖಾತೆಯ ಜೋಡಣೆ ಇಲ್ಲದ, ಬರೀ ಪ್ರಯಾಣದ ಪ್ರಿಪೇಯ್ಡ್ ಕಾರ್ಡಿಗೆ ಮಾತ್ರ ಈ ರಕ್ಷಣೆ ಹೆಚ್ಚೂಕಮ್ಮಿ ಇಲ್ಲ. ಅದರಲ್ಲಿ ವಾರದ ಓಡಾಟಕ್ಕಾಗುವಷ್ಟೇ ತುಂಬಿಸಿ.

ನಮ್ಮ ಹೆಣ್ಣುಮಕ್ಕಳಿಗೆ ಇದು ಇನ್ನೂ ಹೆಚ್ಚು ತಟ್ಟುತ್ತೆ. ಇಲ್ಲಿ ಪೊಳ್ಳಾಚಿ ಟೌನ್ ಬಸ್ಸಲ್ಲಿ 2021ರ ಮೇ ತಿಂಗಳಿಂದ ಅವರಿಗೆ ಟಿಕೆಟ್ ದುಡ್ಡಿಲ್ಲ, ಕಾರ್ಡೂ ಬೇಡ, ಕಳೆಯೋದಕ್ಕೇ ಏನೂ ಇಲ್ಲ. ಬೆಂಗಳೂರಿಗೆ ಹೋದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಆದರೆ ಕರ್ನಾಟಕದ ವಿಳಾಸ ಬೇಕು. ಮನೆಯಲ್ಲಿ ಕನ್ನಡ ಇದ್ದರೂ ಆಧಾರ್ ತಮಿಳುನಾಡಿನದು. ಹಾಗಾಗಿ ದುಡ್ಡು ತುಂಬಿಸಿದ ಕಾರ್ಡೇ ಗತಿ.

ಭಾಷೆಯ ಮಾತು. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅದರ ಬಗ್ಗೆ ಕೇಳೋ ನಂಬರು 14448, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ನೀವು ನೆಗಮಂನಿಂದ ಮಾಡಿದರೂ ಸರಿ. ಕಳವು ಅಂತ ಖಾತ್ರಿಯಿದ್ದರೆ ಪೊಲೀಸ್ ದೂರು ಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಘಟನೆ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಸಂವಿಧಾನದ 350ನೇ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಕೊಟ್ಟಿದೆ. ನಾನಾದರೆ ಜತೆಗೆ ತಮಿಳಿನ ಒಂದು ಪ್ರತಿಯನ್ನೂ ಇಡ್ತೀನಿ, ಕೆಲಸ ಬೇಗ ಆಗಲಿ ಅಂತ. ಹಕ್ಕು ಬೇರೆ, ಅವಸರ ಬೇರೆ.

ಬ್ಯಾಂಕುಗಳನ್ನು ನಾವು ಕೇಳಬೇಕಾದ್ದು ಒಂದೇ: ದುಡ್ಡು ಹೋದ ಎಸ್‌ಎಂಎಸ್ ಗ್ರಾಹಕ ಆರಿಸಿದ ಭಾಷೆಯಲ್ಲಿ ಬರಲಿ. ಜಾಹೀರಾತು ಬೇಕಾದ ಭಾಷೆಯಲ್ಲಿ ಕಳಿಸೋರಿಗೆ ಇದು ಆಗದ ಕೆಲಸವಾ?

ಆವತ್ತೇ ಕಾರ್ಡು ಬ್ಲಾಕ್ ಆಯಿತು. ಮಗಳಿಂದ ದೂರು ಬರೆಸಿಕೊಂಡೆವು. ಮೂರು ಟ್ಯಾಪಿನ ದುಡ್ಡು ತಾತ್ಕಾಲಿಕವಾಗಿ ಖಾತೆಗೆ ಬಂದಿದೆ, ವಿಚಾರಣೆ ನಡೀತಿದೆ. ಮುಂದಿನ ವಾರ ಅವಳು ಊರಿಗೆ ಬಂದಾಗ ಮೊಬೈಲ್ ನಂಬರು ಬದಲಾಯಿಸೋ ಫಾರಂ ತುಂಬಿಸಬೇಕು.