ಪ್ರಾರ್ಥನೆ ಆದಮೇಲೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ

ಸಂಪಿಗೆಯಿಂದ ತುರುವೇಕೆರೆವರೆಗೆ, ಆ ಕಡೆ ತಿಪಟೂರು, ಚಿಕ್ಕನಾಯಕನಹಳ್ಳಿವರೆಗೆ ತೋಟದ ಮನೆಗಳನ್ನು ನೋಡಿಕೊಂಡು ಬನ್ನಿ. ಜಗಲಿ ಮೇಲೆ ಕೂತಿರುವವರು ಹೆಚ್ಚಾಗಿ ವಯಸ್ಸಾದವರೇ. ಮಗ ಪೀಣ್ಯದಲ್ಲೋ ನೆಲಮಂಗಲದಲ್ಲೋ ಕೆಲಸದಲ್ಲಿರುತ್ತಾನೆ. ಸೊಸೆ, ಮೊಮ್ಮಕ್ಕಳು ಹಬ್ಬಕ್ಕೆ ಬಂದು ಹೋಗುತ್ತಾರೆ. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ, ಕೆಳಗೆ ಅದನ್ನು ಕಾಯುವ ಅಜ್ಜ ಅಜ್ಜಿ. ಕೊಬ್ಬರಿ ರೇಟು ಏರಿದ ದಿನ ಫೋನ್ ಬರುತ್ತದೆ. ಉಳಿದ ದಿನವೂ ಬರುತ್ತದೆ ಅಂತ ಎಲ್ಲ ಮನೆಗೂ ಹೇಳಲಾಗದು.

ಇಂಥ ಮನೆಗಳಲ್ಲಿ ಕ್ರೈಸ್ತರ ಮನೆಗಳೂ ಕೆಲವಿವೆ. ನಮ್ಮ ಭಾಗದಲ್ಲಿ ಅವರ ಸಂಖ್ಯೆ ಕಡಿಮೆ, ಆದರೆ ಅವರಲ್ಲಿ ಒಂದು ಪದ್ಧತಿ ಇದೆ. ಚರ್ಚಿಗೆ ನಡೆದು ಬರಲಾಗದವರ ಮನೆಗೆ ಚರ್ಚೇ ಹೋಗುತ್ತದೆ. ಕ್ಯಾಥೋಲಿಕರಲ್ಲಿ ಫಾದರ್ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ತೆಗೆದುಕೊಂಡು ಕಾಯಿಲೆಯವರ, ವಯಸ್ಸಾದವರ ಮನೆಗೆ ಹೋಗುವ ರೂಢಿ ಬಹಳ ಕಡೆ ಇದೆ. ಸಿಎಸ್ಐ ಸಭೆಗಳಲ್ಲಿ ಸಭಾಪಾಲಕರು ಮನೆಯಲ್ಲೇ ಪ್ರಭುಭೋಜನ ಕೊಡುತ್ತಾರೆ. ಒಂದು ಕೀರ್ತನೆ, ಒಂದಿಷ್ಟು ಓದು, ಕೈ ಹಿಡಿದು ಪ್ರಾರ್ಥನೆ. ನೆನಪು ಮಾಸಿ ಮಗನ ಹೆಸರು ತಪ್ಪುವವರೂ ಚಿಕ್ಕಂದಿನಲ್ಲಿ ಕಲಿತ ಕೀರ್ತನೆ ಶುರುವಾದರೆ ಜೊತೆಗೆ ತುಟಿ ಅಲ್ಲಾಡಿಸುವುದುಂಟು.

ಇದೇನು ಹೊಸದು, ನಮ್ಮಲ್ಲೂ ಇತ್ತು ಅನ್ನಬಹುದು. ಹೌದು, ಇತ್ತು. ಜಂಗಮಯ್ಯನವರು ಮನೆಗೆ ಬಂದು ಭಿಕ್ಷೆ ತಗೊಂಡು ನಾಲ್ಕು ಮಾತಾಡಿ ಹೋಗುತ್ತಿದ್ದರು. ಊರದೇವರ ಉತ್ಸವ ಈಗಲೂ ಬಾಗಿಲಿಗೆ ಬರುತ್ತದೆ, ಆರತಿ ತಗೊಂಡು ಮುಂದೆ ಹೋಗುತ್ತದೆ. ಆದರೆ ಹಾಸಿಗೆ ಹಿಡಿದ ಅಜ್ಜಿಯನ್ನೇ ನೋಡಬೇಕೆಂದು, ತಿಂಗಳಿಗೊಮ್ಮೆ, ಹೇಳಿದ ದಿನಕ್ಕೆ ಬರುವವರು ಯಾರಿದ್ದಾರೆ? ಆ ದಿನ ಗೊತ್ತಿರುವುದರಲ್ಲೇ ಅರ್ಧ ಸಮಾಧಾನ ಇದೆ ಎಂದು ನಮಗನ್ನಿಸುತ್ತದೆ. ಶುಕ್ರವಾರ ಬರುತ್ತಾರೆ ಅಂದರೆ ಗುರುವಾರವೇ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಒಗೆದ ಸೀರೆ ತೆಗೆದಿಟ್ಟುಕೊಳ್ಳುತ್ತಾರೆ.

ನಮ್ಮ ಸೀಮೆಗೆ ಈ ಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ. ಸಂಪಿಗೆ ರೋಡ್ ಸ್ಟೇಷನ್ ಇರುವ ರೈಲು ದಾರಿಯಲ್ಲೇ ಗುಬ್ಬಿ ಇದೆ. ಅಲ್ಲಿ 1830ರ ದಶಕದ ಕೊನೆಗೇ ವೆಸ್ಲಿಯನ್ ಮಿಷನ್ ನೆಲೆಸಿತ್ತು. ಥಾಮಸ್ ಹಾಡ್ಸನ್ ಅಲ್ಲಿದ್ದರು, ಆಮೇಲೆ ವಿಲಿಯಂ ಆರ್ಥರ್ ಬಂದು ಕನ್ನಡ ಕಲಿತರು. ಆರ್ಥರ್ 1847ರಲ್ಲಿ ಮೈಸೂರು ಸೀಮೆಯ ಅನುಭವವನ್ನು ಪುಸ್ತಕ ಮಾಡಿದರು. ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು ಅದಕ್ಕೂ ಮೊದಲು, 1831ರಲ್ಲಿ, ಬಳ್ಳಾರಿಯಲ್ಲಿ.

ಆ ಪುಸ್ತಕದಲ್ಲಿ ವಯಸ್ಸಾದವರ ಬಗ್ಗೆ ಇರುವುದನ್ನು ತೆಗೆದು ನೋಡಿದರೆ ಬರೀ ಪ್ರಾರ್ಥನೆ ಸಿಗುವುದಿಲ್ಲ, ಲೆಕ್ಕಾಚಾರವೂ ಸಿಗುತ್ತದೆ. ಮೊದಮೊದಲ ಸಭೆಯಲ್ಲಿ ಎದ್ದ ಒಂದು ದೊಡ್ಡ ತಕರಾರು ಊಟದ್ದು. ದಿನದ ಪಡಿ ಹಂಚುವಾಗ ಒಂದು ಗುಂಪಿನ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂಬ ದೂರು. ಅದನ್ನು ಸರಿಮಾಡಲು ಏಳು ಜನರನ್ನು ನೇಮಿಸಿದರು ಎಂದು ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ಹೇಳುತ್ತದೆ. ನಮ್ಮ ರೇಷನ್ ಅಂಗಡಿ ಮುಂದಿನ ಜಗಳದ ಥರವೇ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಇನ್ನೂ ಖಡಕ್ಕಾದ ಮಾತಿದೆ. ಮಕ್ಕಳು ಮೊಮ್ಮಕ್ಕಳು ಇದ್ದರೆ ಮೊದಲು ಅವರೇ ನೋಡಿಕೊಳ್ಳಲಿ, ಸಭೆಯ ಮೇಲೆ ಹಾಕಬೇಡಿ ಎಂಬುದು ಅದರ ಸಾರ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸು ಬೈದದ್ದು ಮಾರ್ಕನ ಸುವಾರ್ತೆಯಲ್ಲಿದೆ.

ಹಾಗಾಗಿ ಮಕ್ಕಳಿಗೆ ನಾವು ಒಂದು ಮಾತು ಹೇಳಲೇಬೇಕು. ಸಭಾಪಾಲಕರು ವಾರಕ್ಕೊಮ್ಮೆ ನೋಡಿಕೊಂಡು ಹೋಗುತ್ತಾರೆ, ಸಿಸ್ಟರ್ ಬಂದು ಬಿಪಿ ನೋಡುತ್ತಾರೆ ಎಂದು ಊರಿಗೆ ಬರುವುದನ್ನೇ ಬಿಟ್ಟರೆ ಅದು ನಡೆಯುವುದಿಲ್ಲ.

ಯಾರೂ ಇಲ್ಲದವರ ಮಾತು ಬೇರೆ. 1839ರಲ್ಲಿ ಫ್ರಾನ್ಸಿನಲ್ಲಿ ಜಾನ್ ಜುಗಾನ್ ಎಂಬ ಬಡ ಹೆಂಗಸು ಕಣ್ಣು ಕಾಣದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಬಡವರ ಚಿಕ್ಕ ಸಹೋದರಿಯರು ಎಂಬ ಸನ್ಯಾಸಿನಿಯರ ಸಂಸ್ಥೆ ಬೆಳೆದದ್ದು ಅಲ್ಲಿಂದ. ಮನೆಮನೆ, ಅಂಗಡಿ ಅಂಗಡಿ ತಿರುಗಿ ಬೇಡಿ ತಂದು ವಯಸ್ಸಾದವರನ್ನು ಸಾಕುವುದು ಅವರ ಹಳೇ ಪದ್ಧತಿ. ನಮ್ಮ ಭಾಷೆಯಲ್ಲಿ ಅದಕ್ಕೆ ಜೋಳಿಗೆ ಎನ್ನುತ್ತೇವೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಅವರ ವೃದ್ಧಾಶ್ರಮ ಇದೆ, ಅಲ್ಲಿ ಜಾತಿ ಧರ್ಮ ಕೇಳುವುದಿಲ್ಲ. ಜುಗಾನ್ ಅವರನ್ನು ಪೋಪ್ 2009ರಲ್ಲಿ ಸಂತರೆಂದು ಘೋಷಿಸಿದರು. ದಾಸೋಹ ಕಂಡಿರುವ ತುಮಕೂರು ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮಗೆ ಇಷ್ಟವಾಗದ್ದನ್ನೂ ಹೇಳುತ್ತೇವೆ. ಕೆಲವರ ಭೇಟಿ ಐದು ನಿಮಿಷದ್ದು. ಬೈಕ್ ಸ್ಟ್ಯಾಂಡ್ ಹಾಕಿ, ಜೋರಾಗಿ ಪ್ರಾರ್ಥಿಸಿ, ಒಂದು ಫೋಟೊ ಹೊಡೆದುಕೊಂಡು ಹೋಗಿಬಿಡುತ್ತಾರೆ. ಕಿವಿ ಮಂದವಾದವರಿಗೆ ಅಷ್ಟು ಹೊತ್ತಿಗೆ ಬಂದವರು ಯಾರು ಅಂತಲೇ ಗೊತ್ತಾಗಿರುವುದಿಲ್ಲ. ಹೀಗಿದ್ದರೆ ಪ್ರಾರ್ಥನೆ ಚಿಕ್ಕದಿರಲಿ, ಕೂರುವುದು ಉದ್ದ ಇರಲಿ. ಮಂಡಿ ನೋವು, ತೋಟಕ್ಕೆ ಬಂದ ಹಂದಿ, ಕಾಯಿ ಕೀಳುವವರು ಸಿಗದ ಕಷ್ಟ, ತೀರಿಹೋದ ಗಂಡ, ಇದನ್ನೆಲ್ಲ ಕೇಳಿಸಿಕೊಳ್ಳುವುದೂ ಸೇವೆಯೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಪ್ರಾರ್ಥನೆ ಮಾಡಿದ್ದೇವೆ, ಇನ್ನು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ, ಅವರು ಯಾವ ಧರ್ಮದವರೇ ಆಗಲಿ, ಮತ್ತೆ ಮನೆಯೊಳಗೆ ಬಿಡಬೇಡಿ. ಬಿಪಿ, ಸಕ್ಕರೆ ಮಾತ್ರೆಯನ್ನು ಡಾಕ್ಟರ್ ಕೇಳದೆ ನಿಲ್ಲಿಸಿದರೆ ಲಕ್ವ ಹೊಡೆಯಬಹುದು, ಪ್ರಾಣವೇ ಹೋಗಬಹುದು. ಪ್ರಾರ್ಥಿಸಿ ಮಾತ್ರೆ ಡಬ್ಬಿಯನ್ನೂ ಕೈಗೆ ಕೊಡುವ ಸಭಾಪಾಲಕರೂ ಇದ್ದಾರೆ. ನಮಗೆ ಅವರು ಬೇಕು.

ಮತಾಂತರದ ಮಾತು ಬಂದೇ ಬರುತ್ತದೆ, ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. 2022ರಲ್ಲಿ ರಾಜ್ಯದಲ್ಲಿ ಇದಕ್ಕೆ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಅನುಮಾನಕ್ಕೆ ಮಾತ್ರ ಯಾವ ಕಾಯ್ದೆಯೂ ಬೇಕಿಲ್ಲ. ಬಿಳಿ ಪ್ಯಾಂಟು ಹಾಕಿ ಕೈಯಲ್ಲಿ ಕಪ್ಪು ಪುಸ್ತಕ ಹಿಡಿದವರು ಒಂಟಿ ಅಜ್ಜಿಯ ಮನೆಗೆ ಹೋದರೆ ಅಕ್ಕಪಕ್ಕದವರು ನೋಡುತ್ತಾರೆ. ನೋಡುವುದು ತಪ್ಪಲ್ಲ, ಒಂಟಿ ಅಜ್ಜಿಯ ಮನೆಯನ್ನು ಊರು ಗಮನಿಸಲೇಬೇಕು. ಆದರೆ ಆ ಅಜ್ಜಿ ಕ್ರೈಸ್ತಳೇ ಆಗಿದ್ದು, ಅವಳಿಗೆ ಬೇಕಾದವರೇ ಬಂದಿದ್ದಾಗ ಬಾಗಿಲಲ್ಲಿ ನಿಂತು ಗಲಾಟೆ ಮಾಡಿದರೆ ಅವಳ ತಿಂಗಳ ಒಂದೇ ಒಂದು ಒಳ್ಳೆ ದಿನವನ್ನು ಕಿತ್ತುಕೊಂಡಂತೆ. ಬೇರೆ ಧರ್ಮದ ವಯಸ್ಸಾದವರ ಮನೆಗೆ ಹೋಗುವ ಕ್ರೈಸ್ತರಿಗೂ ನಮ್ಮ ಮಾತು ಇಷ್ಟೇ. ಮೊದಲು ಕೇಳಿ. ಪ್ರಾರ್ಥನೆ ಬೇಡ ಎಂದರೆ ಮಾಡಬೇಡಿ, ಟೀ ಕುಡಿದು ಮಾತಾಡಿ ಬನ್ನಿ. ಹಾಸಿಗೆ ಹಿಡಿದವರಿಗೆ ಬಂದವರನ್ನು ಎದ್ದು ಹೋಗಿ ಎನ್ನುವುದು ಕಷ್ಟ. ಅದು ಗೊತ್ತಿದ್ದವರು ಅದನ್ನು ಬಳಸಿಕೊಳ್ಳುವುದಿಲ್ಲ.

ಮಾತಾಡುವಾಗ ಪಿಂಚಣಿ ವಿಚಾರವನ್ನೂ ಎತ್ತಿ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದ ಅರ್ಹರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಆಧಾರ್ ಬ್ಯಾಂಕ್ ಖಾತೆಗೆ ಸರಿಯಾಗಿ ಜೋಡಣೆ ಆಗಿಲ್ಲದಿದ್ದರೆ ದುಡ್ಡು ನಿಂತುಹೋಗುತ್ತದೆ. ವರ್ಷಗಟ್ಟಲೆ ಕಾಯಿ ಸುಲಿದು ಸವೆದ ಬೆರಳನ್ನು ಯಂತ್ರ ಗುರುತು ಹಿಡಿಯದೆ ವಾಪಸ್ ಬಂದವರೂ ಇದ್ದಾರೆ. ಪ್ರಾರ್ಥನೆಗೆ ಹೋದವರು ಪಾಸ್ ಬುಕ್ ತೆಗೆಸಿ ನೋಡಿ, ಬೇಕಾದರೆ ನಾಡಕಚೇರಿವರೆಗೆ ಬೈಕ್ ಹಿಂದೆ ಕೂರಿಸಿಕೊಂಡು ಹೋಗಿ ಬನ್ನಿ. ಆ ಏಳು ಜನರನ್ನು ನೇಮಿಸಿದ್ದೂ ಹೆಚ್ಚು ಕಡಿಮೆ ಇಂಥ ಕೆಲಸಕ್ಕೇ.

ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ನಮ್ಮ ಮೂರೂ ತಾಲ್ಲೂಕಿಗೆ ತಿಪಟೂರಿನ ಎಸಿಯವರ ಮುಂದೆ ಅರ್ಜಿ ಹಾಕಬೇಕು, ಅದಕ್ಕೆ ವಕೀಲರು ಬೇಕಿಲ್ಲ. ತೋಟವನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವವರು, ನಮ್ಮನ್ನು ಕಡೆತನಕ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ಅದೇ ಕಾಯ್ದೆಯ 23ನೇ ಸೆಕ್ಷನ್ ಇದೆ. ಹಿರಿಯರ ಸಹಾಯವಾಣಿ 14567, ದುಡ್ಡು ಖರ್ಚಿಲ್ಲ. ನಂಬರ್ ಒತ್ತಲು ಕಣ್ಣು ಕಾಣದವರ ಫೋನಿನಲ್ಲಿ ಈ ನಂಬರನ್ನು ಸೇವ್ ಮಾಡಿ, ಯಾವ ಬಟನ್ ಒತ್ತಬೇಕು ಎಂದು ತೋರಿಸಿ, ಒಂದು ಸಲ ಅವರ ಕೈಯಲ್ಲೇ ಒತ್ತಿಸಿ ಬನ್ನಿ.