ಉದ್ದ ಬೆನ್ನಿನ ಋಣ

ಡ್ಯಾಶ್‌ಹೌಂಡ್ ಮರಿಯನ್ನು ಮನೆಗೆ ತರುವವರು ಮರುಳಾಗುವುದು ಅದರ ಗಿಡ್ಡ ಕಾಲಿಗೆ, ಉದ್ದ ಮೈಗೆ. ನಾಲ್ಕೈದು ವರ್ಷ ಕಳೆದ ಮೇಲೆ ಎಷ್ಟೋ ಡ್ಯಾಶ್‌ಹೌಂಡ್‌ಗಳು ಬೀದಿಗೆ ಬೀಳುವುದೂ ಅದೇ ಮೈಯ ದೆಸೆಯಿಂದ.

ನೆಲದಡಿ ಅಡಗುವ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಹಿಡಿಯಲೆಂದು ಜರ್ಮನಿಯ ಬೇಟೆಗಾರರು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ತಳಿ ಇದು. ಬಿಲಕ್ಕೆ ನುಗ್ಗಲು ಗಿಡ್ಡ ಕಾಲು, ಮಣ್ಣಿನೊಳಗಿಂದಲೂ ಕೇಳಿಸುವ ಬೊಗಳು, ಯಾರಿಗೂ ಜಗ್ಗದ ಹಟ. 1972ರ ಮ್ಯೂನಿಕ್ ಒಲಿಂಪಿಕ್ಸ್ ಈ ತಳಿಯ ‘ವಾಲ್ಡಿ’ಯನ್ನೇ ತನ್ನ ಮ್ಯಾಸ್ಕಾಟ್ ಮಾಡಿಕೊಂಡಿತ್ತು. ಆದರೆ ಗಿಡ್ಡ ಕಾಲಿನ ಹಿಂದಿರುವ ವಂಶವಾಹಿ ಬದಲಾವಣೆಯ ಜೊತೆಗೇ ಬೆನ್ನಿನ ಡಿಸ್ಕುಗಳು ಎಳೆವಯಸ್ಸಿಗೇ ಗಡುಸಾಗುವ ಗುಣವೂ ಬಂತು. ನಾಲ್ಕೈದು ಡ್ಯಾಶ್‌ಹೌಂಡ್‌ಗಳಲ್ಲಿ ಒಂದಕ್ಕೆ ಬದುಕಿನಲ್ಲಿ ಒಮ್ಮೆಯಾದರೂ ಹೀಗೆ ಗಡುಸಾದ ಡಿಸ್ಕು ಜಾರಿ ಬೆನ್ನುಹುರಿಯನ್ನು ಒತ್ತುವ ತೊಂದರೆ ಕಾಡುತ್ತದೆ. ನಿನ್ನೆ ಸೋಫಾದಿಂದ ಹಾರಿದ ನಾಯಿ ಇವತ್ತು ಹಿಂಗಾಲು ಎಳೆಯುತ್ತದೆ.

‘ಇನ್ನು ಇದು ನಡೆಯಲ್ಲ’ ಎಂದು ಕೈಚೆಲ್ಲುವುದು ಆಗಲೇ. ಅದು ದುಡುಕಿನ ತೀರ್ಮಾನ. ನೋವು ಆರಂಭದಲ್ಲಿದ್ದರೆ ಕೆಲವು ವಾರಗಳ ಕಟ್ಟುನಿಟ್ಟಿನ ವಿಶ್ರಾಂತಿ, ಔಷಧ ಸಾಕಾಗಬಹುದು. ಕಾಲು ಸೋತಿದ್ದರೂ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಎಷ್ಟೋ ನಾಯಿಗಳು ಮತ್ತೆ ನಡೆಯುತ್ತವೆ. ನಡೆಯಲಾಗದವೂ ಗಾಲಿಬಂಡಿಯ ಆಸರೆಯಲ್ಲಿ ವರ್ಷಗಟ್ಟಲೆ ಬಾಳುತ್ತವೆ. ಹನ್ನೆರಡು ವರ್ಷ ದಾಟಿ ಬದುಕುವ ತಳಿಯನ್ನು ಅರ್ಧ ಆಯುಸ್ಸಿನಲ್ಲಿ ಹೊರದಬ್ಬುವುದು ಕ್ರೌರ್ಯ.

ಕಾನೂನಿನ ಕಣ್ಣಲ್ಲೂ ಅದು ಕ್ರೌರ್ಯವೇ. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮೊದಲ ತಪ್ಪಿಗೆ ವಿಧಿಸುವ ದಂಡ 10ರಿಂದ 50 ರೂಪಾಯಿ. ಇಷ್ಟಕ್ಕೆ ಯಾರು ಹೆದರುತ್ತಾರೆ? ಈ ಮೊತ್ತ ಏರಲೇಬೇಕು. ನಾಯಿ ಸಾಕಿ ಮಾರುವವರು ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎನ್ನುವ 2017ರ ನಿಯಮಗಳೂ ಕಾಗದದಿಂದ ಕೆಳಗಿಳಿಯಬೇಕು.

ಕಾನೂನು ಬಲಗೊಳ್ಳುವವರೆಗೆ ನಾವು ಕಾಯಬೇಕಿಲ್ಲ. ಬೆಂಗಳೂರಿನ ಕ್ಯೂಪಾದಂಥ ಸಂಸ್ಥೆಗಳು ಜನ ಕೈಬಿಟ್ಟ ತಳಿನಾಯಿಗಳಿಗೂ ಮನೆ ಹುಡುಕುತ್ತವೆ. ಡ್ಯಾಶ್‌ಹೌಂಡೇ ಬೇಕೆನ್ನುವವರು ಮರಿ ಕೊಳ್ಳುವ ಮೊದಲು ಅಲ್ಲಿ ವಿಚಾರಿಸಲಿ. ಬೆಳೆದ ನಾಯಿಯ ಸ್ವಭಾವ, ಬೆನ್ನಿನ ಸ್ಥಿತಿ ಎರಡೂ ಮೊದಲೇ ತಿಳಿಯುತ್ತವೆ. ತಂದ ಮೇಲೆ ಮೈ ಬರದಂತೆ ಅಳೆದು ಊಟ ಕೊಡಿ, ಮೆಟ್ಟಿಲು ಹತ್ತಿಸಬೇಡಿ, ಮಂಚಕ್ಕೊಂದು ಇಳಿಜಾರು ಹಲಗೆ ಇಡಿ. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ ಇರಲಿ. ಅದು ಬೊಗಳುತ್ತದೆ, ಹೇಳಿದ್ದು ಕೇಳದೆ ಹಟ ಹಿಡಿಯುತ್ತದೆ; ಅದನ್ನು ತಾಳುವ ಸಹನೆ ಇಲ್ಲದವರು ಈ ತಳಿಯ ಸಹವಾಸಕ್ಕೆ ಹೋಗಬಾರದು.

ಆ ಬೆನ್ನನ್ನು ನಾಯಿ ಕೇಳಿ ಪಡೆದದ್ದಲ್ಲ, ಮನುಷ್ಯ ತನ್ನ ಬೇಟೆಗೆಂದು ರೂಪಿಸಿದ್ದು. ಅದು ಸೋತಾಗ ಆಸರೆ ಕೊಡುವ ಹೊಣೆಯೂ ಮನುಷ್ಯನದೇ.