ಸುತ್ತೋಲೆ ಕೊಟ್ಟ ಹತ್ತು ದಿನ

ನಮ್ಮ ಶಾಖೆಯ ಹೆಡ್ ಕ್ಯಾಶಿಯರ್ ಸಂಜೆ ಸ್ಟ್ರಾಂಗ್ ರೂಮಿಗೆ ಬೀಗ ಹಾಕಿದ ಮೇಲೆ ಹಿಡಿಯನ್ನು ಮೂರು ಸಲ ಎಳೆದು ನೋಡುತ್ತಿದ್ದರು. ಬಸ್‌ಸ್ಟ್ಯಾಂಡಿನ ತನಕ ಹೋಗಿ ವಾಪಸ್ ಬಂದದ್ದೂ ಉಂಟು. ಜೋಡಿ ಬೀಗದ ಇನ್ನೊಂದು ಕೀಲಿ ಮ್ಯಾನೇಜರ್ ಆದ ನನ್ನ ಹತ್ತಿರ. "ಒಂದ್ಸಲ ನೀವೂ ನೋಡ್ಬಿಡಿ ಸರ್" ಅಂದರೆ ನಾನು ನಗಾಡುತ್ತಿದ್ದೆ. ಅವರ ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಹೋಗುತ್ತಿದ್ದುದು ಅಟೆಂಡರ್ ಕಣ್ಣಿಗೆ ಬಿದ್ದಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ರಜೆ ಕೇಳಿದಾಗ "ಮಾರ್ಚ್ ಮುಗೀಲಿ ತಾಯಿ" ಅಂದೆ. ಮಾರ್ಚ್ ಮುಗಿಯಿತು, ಆಡಿಟ್ ಬಂತು.

ಕ್ಯಾಶಿನಲ್ಲಿ ದುಡ್ಡು ಕಮ್ಮಿ ಬಿದ್ದರೆ ಕ್ಯಾಶಿಯರೇ ಕೈಯಿಂದ ಕಟ್ಟಬೇಕು. ಅವರು ಒಮ್ಮೆ ಹತ್ತು ಸಾವಿರ ಕಟ್ಟಿದ್ದರು. ಅದರ ಮೇಲೆ ಇಬ್ಬರ ಕೆಲಸ, ಕೌಂಟರಿನಲ್ಲಿ ಕೂತೇ ವಿಮೆ ಪಾಲಿಸಿ ಮಾರುವ ಟಾರ್ಗೆಟ್. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ಇಂದು ಸೊನ್ನೆ' ಮಾಡಿದ ಶಾಖೆಗಳ ಪಟ್ಟಿ. ಮೇಲಿನಿಂದ ಬಂದ ಆ ಪಟ್ಟಿಯನ್ನು ಸಿಬ್ಬಂದಿಗೆ ಫಾರ್ವರ್ಡ್ ಮಾಡುತ್ತಿದ್ದವನು ನಾನೇ.

ಕೊನೆಗೆ ಅವರನ್ನು ಮನೆಗೆ ಕಳಿಸಿದ್ದು ರಿಸರ್ವ್ ಬ್ಯಾಂಕಿನ ನಿಯಮ. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುಂಚೆ ಹೇಳದೆ, ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಬೇಕೆಂದು 2021ರ ಜುಲೈ ಸುತ್ತೋಲೆ ಹೇಳಿತು. ಆ ದಿನಗಳಲ್ಲಿ ಇ-ಮೇಲ್ ಬಿಟ್ಟು ಕಚೇರಿ ಕೆಲಸದ ಯಾವುದೂ ಅವರ ಕೈಗೆ ಸಿಗಬಾರದು. ಕುರ್ಚಿ ಖಾಲಿಯಾದಾಗ ಏನಾದರೂ ವಂಚನೆ ನಡೆದಿದ್ದರೆ ಹೊರಬೀಳಲಿ ಎಂಬುದು ಅದರ ಲೆಕ್ಕಾಚಾರ. ದಣಿದವರ ನೆನಪು ಅದರಲ್ಲಿ ಎಲ್ಲೂ ಇಲ್ಲ.

ಪ್ರಾದೇಶಿಕ ಕಚೇರಿಯ ಫೋನ್ ಬಂತು, ಅವರು ಹೋದರು. ಪಕ್ಕದ ಶಾಖೆಯ ಹುಡುಗನೊಬ್ಬ ಬಂದು ಕೂತ, ಕ್ಯಾಶ್ ದಿನಾ ಟ್ಯಾಲಿ ಆಯಿತು. "ನೀವಿಲ್ಲದೆ ಶಾಖೆ ನಡೆಯೋದಿಲ್ಲ" ಎಂದು ನಾನು ಅಲ್ಲಿಯವರೆಗೆ ಹೇಳುತ್ತಿದ್ದುದು ಶುದ್ಧ ಸುಳ್ಳು. ಆ ದಿನಗಳಲ್ಲೇ ಅವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡು ಮಾತ್ರೆ ಶುರು ಮಾಡಿದ್ದರು. ವಾಪಸ್ ಬಂದ ದಿನ ನನಗೆ ಹೇಳಿದ್ದು ಇಷ್ಟೇ: "ನಿದ್ದೆ ಮಾಡ್ದೆ ಸರ್."

ಈಗ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂತೆಂದರೆ ಬ್ಯಾಂಕು, ಕಾರ್ಖಾನೆ, ಐಟಿ ಕಂಪನಿಗಳಲ್ಲಿ ಒಂದು ಗಂಟೆ ಉಪನ್ಯಾಸ, ಸ್ವಲ್ಪ ಪ್ರಾಣಾಯಾಮ, ಗ್ರೂಪ್ ಫೋಟೊ. ಬೇಡ ಅನ್ನುವುದಿಲ್ಲ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ನೋಟಿಸ್ ಬೋರ್ಡಿಗೆ ಖಂಡಿತ ಅಂಟಿಸಿ; ಕನ್ನಡದಲ್ಲೇ ಮಾತಾಡಬಹುದು. ಆದರೆ ರಾತ್ರಿ ಹತ್ತರ ಪಟ್ಟಿಯನ್ನು ನಿಲ್ಲಿಸದೆ ಬೋರ್ಡಿಗೆ ಏನು ಅಂಟಿಸಿ ಏನು ಪ್ರಯೋಜನ? ಅದನ್ನು ನಿಲ್ಲಿಸಲು ಒಂದು ರೂಪಾಯಿಯೂ ಬೇಡ.

ಇನ್ನೊಂದು, ಆ ಹತ್ತು ದಿನದ ರಜೆ ಅಟೆಂಡರಿನಿಂದ ಹಿಡಿದು ಎಲ್ಲರಿಗೂ ಸಿಗಲಿ, ಅನುಮಾನದ ಹೆಸರಿನಲ್ಲಲ್ಲದೆ ಹಕ್ಕಾಗಿ. ಬದಲಿ ಜನ ಎಲ್ಲಿ ಎಂದು ಪ್ರಾದೇಶಿಕ ಕಚೇರಿ ಕೇಳೇ ಕೇಳುತ್ತದೆ. ಅಂದು ಸುತ್ತೋಲೆಗೆ ಹೆದರಿ ಆ ಹುಡುಗನನ್ನು ಒಂದೇ ಫೋನಿನಲ್ಲಿ ಕಳಿಸಿದ್ದು ಅವರೇ.